ಕಾಲು ಉಳಿಸುವ ಕಸುಬು
(ಬೇಗಂ ಬಜಾರಿನ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನನ್ನು ಕುರಿತೋ, ಬಸವಣ್ಣನವರನ್ನು ಕುರಿತೋ, ಏಕೀಕರಣಕ್ಕಾಗಿ ದುಡಿದ ಮಹನೀಯರನ್ನು ಕುರಿತೋ ಮಾತನಾಡುವುದು ವಾಡಿಕೆ. ಅಂಥ ಎತ್ತರದ ವಿಷಯಗಳನ್ನು ಬಿಟ್ಟು ನಾವು ಇಂದು ಕಾಲಿನ ವಿಷಯವನ್ನು ಹಿಡಿದು ನಿಂತಿದ್ದೇವೆ. ಇದೇನು ವಿಪರೀತವೆಂದು ನೀವು ನಗಬಹುದು. ನಗಿರಿ, ಚಿಂತೆಯಿಲ್ಲ. ಆದರೆ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ದುಡಿದ ನಮಗೆ, ನಮ್ಮ ಜನ ಇಲ್ಲದ ಕಾರಣಕ್ಕೆ ಕಾಲು ಕಳೆದುಕೊಳ್ಳುವುದನ್ನು ಕಂಡು ಸುಮ್ಮನಿರಲು ಆಗಲಿಲ್ಲ. ಆದುದರಿಂದ ಪಾದದ ಶಸ್ತ್ರವೈದ್ಯರೆಂದರೆ ಯಾರು, ಅವರು ಏನು ಕಲಿಯುತ್ತಾರೆ, ಏನು ಮಾಡುತ್ತಾರೆ, ಅವರಿಂದ ನಮಗೇನು ಪ್ರಯೋಜನ ಎಂಬ ನಾಲ್ಕು ಮಾತುಗಳನ್ನು ನಿಮ್ಮ ಮುಂದೆ ಬಿನ್ನವಿಸಿಕೊಳ್ಳುತ್ತೇವೆ.

1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಮೂರು ಪಾಲಾಯಿತು. ಬೀದರ, ಕಲಬುರ್ಗಿ, ರಾಯಚೂರುಗಳು ತಾಯ ಮಡಿಲಿಗೆ ಸೇರಿದವು. ಆ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಎಷ್ಟೋ ಮನೆತನಗಳು ಮಾತ್ರ ಮೂಸಿಯ ದಂಡೆಯ ಮೇಲೆಯೇ ಉಳಿದವು. ತರುವಾಯವೂ ಬರುತ್ತಲೇ ಇದ್ದಾರೆ. ಎರಡನೆಯ ಅಸಫ್‌ಜಾಹ ನಿಜಾಮ ಅಲಿಖಾನನ ಬೇಗಂ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲವೆಂದು ಈ ಬಜಾರಿಗೆ ಬೇಗಂ ಬಜಾರೆಂಬ ಹೆಸರು ಬಂದಿತೆನ್ನುತ್ತಾರೆ. ಇಲ್ಲಿಯ ಜೀವನವೆಲ್ಲ ಕಾಲಿನ ಮೇಲೆ ನಡೆಯುವಂಥದು. ಪಾತ್ರೆಯ ಅಂಗಡಿಯಲ್ಲಿ, ಒಣಹಣ್ಣಿನ ಅಂಗಡಿಯಲ್ಲಿ, ಕಿರಾಣಿಯ ಮಳಿಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತವರು ನಿಂತೇ ಇರುತ್ತಾರೆ. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಕಿರಿದಾದ ಗಲ್ಲಿಗಳಲ್ಲಿ ಓಡುತ್ತಾರೆ. ಬಂಡಿ ಎಳೆಯುವವರ ಅಂಗಾಲಿಗೆ ಬಿಸಿಲಿನ ಡಾಂಬರೇ ನೆಲ. ಮನೆಯಲ್ಲಿ ತಾಯಂದಿರು ಒಲೆಯ ಮುಂದೆ ನಿಂತದ್ದು ಲೆಕ್ಕಕ್ಕೇ ಬರುವುದಿಲ್ಲ. ಇವರಲ್ಲಿ ಒಬ್ಬರ ಕಾಲು ಹೋದರೆ ಹೋದದ್ದು ಕಾಲೊಂದೇ ಅಲ್ಲ. ಮನೆಯ ದುಡಿಮೆ, ಮಕ್ಕಳ ಓದು, ಊರಿಗೆ ಕಳಿಸುವ ಹಣ ಎಲ್ಲವೂ ಅದರ ಹಿಂದೆ ಹೋಗುತ್ತವೆ.

ಮೊದಲು ಪಾದವೆಂದರೇನೆಂದು ನೋಡೋಣ. ಬೆಳೆದ ಮನುಷ್ಯನ ದೇಹದಲ್ಲಿ 206 ಎಲುಬುಗಳು. ಒಂದೊಂದು ಪಾದದಲ್ಲಿ 26. ಎರಡೂ ಪಾದ ಕೂಡಿದರೆ 52. ಎಂದರೆ ಇಡೀ ದೇಹದ ಎಲುಬುಗಳಲ್ಲಿ ಕಾಲು ಪಾಲು ಈ ಎರಡು ಪಾದಗಳಲ್ಲಿಯೇ ಇವೆ! ಒಂದು ಪಾದದಲ್ಲಿ 33 ಕೀಲುಗಳು. ಅವನ್ನು ಕಟ್ಟಿ ಹಿಡಿದ ಸ್ನಾಯು, ಹುರಿ, ಪಟ್ಟಿಗಳೆಲ್ಲ ಸೇರಿ ನೂರಕ್ಕೆ ಮಿಕ್ಕಿವೆ. ಇಲ್ಲಿಂದ ಕೂಗಳತೆಯಲ್ಲಿ 1578ರಲ್ಲಿ ಕಟ್ಟಿದ ಪುರಾನಾಪೂಲ ಇದೆಯಷ್ಟೆ. ಅದರ ಕಮಾನುಗಳು ಭಾರವನ್ನು ಹೇಗೆ ಎರಡೂ ಬದಿಗೆ ಹಂಚಿ ನಿಲ್ಲಿಸಿವೆಯೋ, ನಮ್ಮ ಅಂಗಾಲಿನ ನಡುವಣ ಕಮಾನೂ ಹಾಗೆಯೇ ಮೈಯ ಭಾರವನ್ನು ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ಹಂಚುತ್ತದೆ. ವ್ಯತ್ಯಾಸವಿಷ್ಟೇ: ಸೇತುವೆ ನಿಂತಲ್ಲೇ ನಿಂತಿರುತ್ತದೆ, ಪಾದವೆಂಬ ಸೇತುವೆ ಹೆಜ್ಜೆಹೆಜ್ಜೆಗೂ ಮೆತ್ತಗಾಗಿ ನೆಲವನ್ನು ಹಿಡಿಯಬೇಕು, ಮರುಕ್ಷಣವೇ ಬಿಗಿಯಾಗಿ ಮೈಯನ್ನು ಮುಂದಕ್ಕೆ ನೂಕಬೇಕು. ಇಷ್ಟು ನಾಜೂಕಿನ ಯಂತ್ರವನ್ನು ರಿಪೇರಿ ಮಾಡುವವನಿಗೆ ಎಂಥ ಕಲಿಕೆ ಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ಕಲಿಕೆ ನಮ್ಮ ದೇಶಕ್ಕೆ ಹೊಸದಲ್ಲ. ಶಸ್ತ್ರವಿದ್ಯೆಯ ಶಿಷ್ಯನು ಶಾಸ್ತ್ರವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ರೋಗಿಯ ಮೈ ಮುಟ್ಟಕೂಡದೆಂದು ಸುಶ್ರುತಾಚಾರ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಿನ ಚೀಲದ ಮೇಲೆ. ಕೆರೆಯುವುದನ್ನು ಕೂದಲಿರುವ ಚರ್ಮದ ಮೇಲೆ. ಹುಣ್ಣಿನ ಆಳ ಹುಡುಕುವುದನ್ನು ಹುಳು ತಿಂದ ಮರದಲ್ಲಿ. ಹೊಲಿಯುವುದನ್ನು ಬಟ್ಟೆಯ, ಮೆತ್ತನೆಯ ಚರ್ಮದ ಅಂಚುಗಳಲ್ಲಿ. ಕಟ್ಟು ಕಟ್ಟುವುದನ್ನು ಗೊಂಬೆಯ ಅಂಗಾಂಗಗಳ ಮೇಲೆ. ಕಲ್ಲು ಮುಳ್ಳು ಚುಚ್ಚಿ ಅಂಗಾಲಿನಲ್ಲಿ ಏಳುವ ಆಣಿಗೆ ಅವರು ಕದರವೆಂದು ಹೆಸರಿಟ್ಟು, ಅದನ್ನು ಕಿತ್ತು ಕಾಯಿಸಿದ ಎಣ್ಣೆಯಿಂದ ಸುಡಬೇಕೆಂದು ವಿಧಿಸಿದ್ದಾರೆ. ಅಂಗಾಲಿನ ನಡುವೆ ತಲಹೃದಯವೆಂಬ ಮರ್ಮವನ್ನೂ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕ್ಷಿಪ್ರವೆಂಬ ಮರ್ಮವನ್ನೂ ಗುರುತಿಸಿ, ಅಲ್ಲಿ ಎಚ್ಚರವೆಂದಿದ್ದಾರೆ. ಕಾಯಿಸಿದ ಎಣ್ಣೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಮೊದಲು ಸೋರೆಕಾಯಿ, ಆಮೇಲೆ ರೋಗಿ ಎಂಬ ಕ್ರಮವನ್ನು ಇಂದಿಗೂ ಯಾರೂ ಮೀರಿಲ್ಲ. ಈಗ ಸೋರೆಕಾಯಿಯ ಜಾಗದಲ್ಲಿ ಪ್ಲಾಸ್ಟಿಕ್ಕಿನ ಎಲುಬುಗಳು ಬಂದಿವೆ, ಅಷ್ಟೆ.

ಇಂದಿನ ಶಿಷ್ಯನ ದಾರಿ ಹೀಗಿದೆ. ಮೊದಲು ಎಂ.ಬಿ.ಬಿ.ಎಸ್.: ನಾಲ್ಕೂವರೆ ವರ್ಷದ ಓದು, ಒಂದು ವರ್ಷ ಆಸ್ಪತ್ರೆಯ ದುಡಿಮೆ. ತರುವಾಯ ಎಲುಬು ಕೀಲುಗಳ ಶಸ್ತ್ರವಿದ್ಯೆಯಲ್ಲಿ ಮೂರು ವರ್ಷದ ಎಂ.ಎಸ್. ಆಮೇಲೆ ಪಾದಕ್ಕೂ ಕಣಕಾಲಿಗೂ ಮೀಸಲಾದ ಫೆಲೋಶಿಪ್, ಅನುಭವಿಗಳ ಕೈಕೆಳಗೆ ಸಾಮಾನ್ಯವಾಗಿ ಒಂದು ವರ್ಷ. ಪ್ರವೇಶ ಪರೀಕ್ಷೆಗಳಿಗೆ ಕಾದ ಕಾಲವನ್ನು ಬಿಟ್ಟರೂ ಹತ್ತು ವರ್ಷದ ಹತ್ತಿರ ಹತ್ತಿರ ಬಂತು. ಇನ್ನು ಕೆಲವರು ಸಾಮಾನ್ಯ ಶಸ್ತ್ರವಿದ್ಯೆಯ ಕಡೆಯಿಂದ, ಕೆಲವರು ರಕ್ತನಾಳಗಳ ಶಸ್ತ್ರವಿದ್ಯೆಯ ಕಡೆಯಿಂದ ಪಾದಕ್ಕೆ ಬರುತ್ತಾರೆ. ಅಮೆರಿಕದಲ್ಲಿ ಪದ್ಧತಿಯೇ ಬೇರೆ. ಅಲ್ಲಿ ಪೊಡಿಯಾಟ್ರಿ ಎಂದು ಪಾದದ ವೈದ್ಯಕ್ಕೇ ಪ್ರತ್ಯೇಕ ಕಾಲೇಜುಗಳುಂಟು. ನಾಲ್ಕು ವರ್ಷ ಅಲ್ಲಿ ಓದಿ ಮೂರು ವರ್ಷ ಆಸ್ಪತ್ರೆಯಲ್ಲಿ ಪಳಗಿದವರು ಪಾದಕ್ಕೆ ಶಸ್ತ್ರ ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿಯೂ ಪೊಡಿಯಾಟ್ರಿಯ ಪದವಿ ಪಡೆದು, ಮೇಲೆ ಹಲವು ವರ್ಷ ಕಲಿತವರು ಪಾದದ ಶಸ್ತ್ರವೈದ್ಯರಾಗಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಸುಬು ಇನ್ನೂ ಅಂಬೆಗಾಲಿಡುತ್ತಿದೆ. ಆದರೂ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರಕಾರಿ ಸಂಸ್ಥೆಯಲ್ಲಿ ಪಾದದ ವಿಭಾಗವೇ ಇದೆಯೆಂಬುದು ಕನ್ನಡಿಗರಾದ ನಾವು ಸಂತೋಷಪಡುವ ಮಾತು.

ಈ ವಿದ್ಯೆಗೆ ನಮ್ಮ ನೆರೆಯ ಅಫಜಲಗಂಜಿನ ಋಣವೂ ಉಂಟೆಂದರೆ ನಿಮಗೆ ಆಶ್ಚರ್ಯವಾದೀತು. ನೋವು ತಿಳಿಯದಂತೆ ಮಾಡದೆ ಶಸ್ತ್ರ ಹಿಡಿಯುವುದು ಕಟುಕತನವೇ ಸರಿ. ಕ್ಲೋರೋಫಾರ್ಮನ್ನು ಕೊಟ್ಟರೆ ರೋಗಿಯ ಪ್ರಾಣಕ್ಕೆ ಅಪಾಯವೆಲ್ಲಿ, ಉಸಿರಾಟದಲ್ಲೋ ಹೃದಯದಲ್ಲೋ ಎಂಬ ವಾದ ಜಗತ್ತಿನಲ್ಲೆಲ್ಲ ನಡೆದಿದ್ದಾಗ, 1888ರಲ್ಲಿಯೂ 1889ರಲ್ಲಿಯೂ ಎಡ್ವರ್ಡ್ ಲಾರಿ ಎಂಬ ವೈದ್ಯರ ಮುಂದಾಳುತನದಲ್ಲಿ ಇದೇ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕುಳಿತು ಪ್ರಯೋಗ ಮಾಡಿದವು. ಖರ್ಚು ನಿಜಾಮ ಸರಕಾರದ್ದು. ಆ ಆಯೋಗಗಳ ತೀರ್ಮಾನಗಳೆಲ್ಲ ನಿಲ್ಲಲಿಲ್ಲವಾದರೂ, ಉಸಿರನ್ನು ಕಣ್ಣಿಟ್ಟು ಕಾಯಬೇಕೆಂಬ ಪಾಠ ನಿಂತಿತು. ಆಗಿನ ಆಸ್ಪತ್ರೆಯನ್ನು 1908ರ ಸೆಪ್ಟೆಂಬರಿನ ಮೂಸಿಯ ಪ್ರವಾಹ ಕೊಚ್ಚಿಹಾಕಿತು; ಅದರ ತರುವಾಯ ಎದ್ದದ್ದೇ ಉಸ್ಮಾನಿಯಾ ಆಸ್ಪತ್ರೆ. ಅದಕ್ಕೊಂದು ಹೊಸ ಕಟ್ಟಡಕ್ಕಾಗಿ 2025ರ ಜನವರಿ 31ರಂದು ನಮ್ಮ ಪಕ್ಕದ ಗೋಶಾಮಹಲಿನಲ್ಲಿ ಅಡಿಗಲ್ಲು ಇಟ್ಟರು. ಈಗಂತೂ ಪಾದದ ಅನೇಕ ಚಿಕಿತ್ಸೆಗಳಿಗೆ ರೋಗಿಯನ್ನು ಪೂರ್ತಿ ಮಲಗಿಸಬೇಕಾದುದೇ ಇಲ್ಲ. ಕಣಕಾಲಿನ ಸುತ್ತ ಐದು ಜ್ಞಾನತಂತುಗಳಿಗೆ ಸೂಜಿಮದ್ದು ಕೊಟ್ಟರೆ ಪಾದ ಮಾತ್ರ ಮರಗಟ್ಟುತ್ತದೆ; ರೋಗಿ ವೈದ್ಯರೊಡನೆ ಮಾತನಾಡುತ್ತ ಮಲಗಿರುತ್ತಾನೆ.

ಪಾದದ ಶಸ್ತ್ರವೈದ್ಯಕ್ಕೆ ನಮ್ಮ ನಾಡು ಕೊಟ್ಟ ದೊಡ್ಡ ಪಾಠವೊಂದಿದೆ. ಪಾಲ್ ಬ್ರ್ಯಾಂಡ್ ಎಂಬವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಆಂಗ್ಲರು. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ಕೊಳೆತು ಉದುರುವುದು ರೋಗದ ಗುಣವೆಂದೇ ಆಗ ಎಲ್ಲರೂ ನಂಬಿದ್ದರು. ಬ್ರ್ಯಾಂಡರು ರೋಗಿಗಳ ಜತೆ ಕುಳಿತು, ನಡೆಯುವುದನ್ನು ನೋಡಿ, ಬೇರೆ ಮಾತು ಕಂಡರು. ಮಾಂಸದಲ್ಲಿ ದೋಷವಿಲ್ಲ, ರೋಗವು ಜ್ಞಾನತಂತುಗಳನ್ನು ಕೊಂದು ನೋವನ್ನು ಅಳಿಸಿದೆ. ನೋವಿಲ್ಲದ್ದರಿಂದ ಮನುಷ್ಯ ಗಾಯದ ಮೇಲೆಯೇ ನಡೆಯುತ್ತಾನೆ, ನಡೆದು ನಡೆದು ಪಾದವನ್ನು ತಾನೇ ತೇಯುತ್ತಾನೆ. ಎಂದಮೇಲೆ ಮದ್ದೇನು? ಗಾಯದ ಮೇಲೆ ಭಾರ ಬೀಳದಂತೆ ಪ್ಲಾಸ್ಟರ್ ಕಟ್ಟುವುದು. ಮಾಗಿದ ಮೇಲೆ ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ ಹೊಲಿಸಿಕೊಡುವುದು. ಪಾದ ಜೋತು ಬಿದ್ದು ಹೆಬ್ಬೆರಳು ನೆಲಕ್ಕೆ ತಾಗಿ ಎಳೆದಾಡುವವರಿಗೆ, ಕಾಲಿನ ಹಿಂದಣ ಜೀವಂತ ಸ್ನಾಯುವಿನ ಹುರಿಯನ್ನು ಬಿಡಿಸಿ ಮುಂದಕ್ಕೆ ತಂದು ಹೊಲಿದು, ಪಾದವನ್ನು ಮತ್ತೆ ಎತ್ತುವಂತೆ ಮಾಡಿದರು. ನಮ್ಮ ಊರಿನಲ್ಲಿಯೂ ರಾಣಿ ಕುಮುದಿನಿ ದೇವಿಯವರು 1958ರಲ್ಲಿ ಕೂಕಟಪಲ್ಲಿಯಲ್ಲಿ ಶಿವಾನಂದ ಆಶ್ರಯಧಾಮವನ್ನು ಕಟ್ಟಿ ಇಂಥ ರೋಗಿಗಳಿಗೆ ನೆರಳಾದರು. ಕುಷ್ಠಕ್ಕೆ ಈಗ ಒಳ್ಳೆಯ ಔಷಧಿಗಳಿವೆ. ಆದರೆ ಬ್ರ್ಯಾಂಡರು ಕಲಿಸಿದ ಪಾಠ ಮತ್ತೊಂದು ರೋಗದಲ್ಲಿ ನಮ್ಮ ಮನೆ ಬಾಗಿಲಿಗೇ ಬಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ನಮ್ಮ ಹಿರಿಯರ ಕಾಲದಲ್ಲಿ ಪಾದದ ಶಸ್ತ್ರವೈದ್ಯರ ಕೈತುಂಬ ಕೆಲಸ ಕೊಟ್ಟದ್ದು ಪೋಲಿಯೋ. 2011ರ ಜನವರಿಯ ತರುವಾಯ ದೇಶದಲ್ಲಿ ಕಾಡು ಪೋಲಿಯೋದ ಒಂದು ಪ್ರಕರಣವೂ ಕಾಣಲಿಲ್ಲವಾಗಿ, 2014ರ ಮಾರ್ಚಿನಲ್ಲಿ ನಾವು ಅದರಿಂದ ಮುಕ್ತರೆಂದು ಸಾರಲಾಯಿತು. ಎರಡು ಹನಿ ಔಷಧಿ ಶಸ್ತ್ರವೈದ್ಯನ ಒಂದು ಕೆಲಸವನ್ನೇ ಇಲ್ಲವಾಗಿಸಿತು. ಇದಕ್ಕಿಂತ ಹೆಚ್ಚಿನ ಸಂತೋಷ ಅವನಿಗೆ ಬೇರೆಯಿಲ್ಲ. ಆದರೆ ಹುಟ್ಟುತ್ತಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಸೊಟ್ಟಪಾದದ ಶಿಶುಗಳು ಈಗಲೂ ಸುಮಾರು ಸಾವಿರಕ್ಕೊಂದರಂತೆ ಹುಟ್ಟುತ್ತವೆ. ಗ್ರಹಣದ ದೋಷ, ಬಸುರಿಯಲ್ಲಿ ತಾಯಿ ಏನೋ ದಾಟಿದಳು ಎಂದು ಆ ತಾಯಿಯನ್ನು ಆಡಿಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದೆಲ್ಲ ಸುಳ್ಳು. ಬ್ರ್ಯಾಂಡರು ಹುಟ್ಟಿದ 1914ರಲ್ಲಿಯೇ ಸ್ಪೇನ್ ದೇಶದ ಮಿನೋರ್ಕ ದ್ವೀಪದಲ್ಲಿ ಹುಟ್ಟಿ, ಅಮೆರಿಕದ ಅಯೋವಾದಲ್ಲಿ ನೆಲೆಸಿದ ಇಗ್ನಾಸಿಯೋ ಪೊನ್ಸೆಟಿ ಎಂಬವರು ಇದಕ್ಕೊಂದು ಸರಳ ಉಪಾಯ ಕಂಡುಹಿಡಿದರು. ದೊಡ್ಡ ಶಸ್ತ್ರಚಿಕಿತ್ಸೆ ಬೇಡ. ವಾರಕ್ಕೊಮ್ಮೆ ಪಾದವನ್ನು ಬೆರಳಿನಿಂದ ಮೆಲ್ಲಗೆ ನೀವಿ ಸ್ವಲ್ಪ ಸ್ವಲ್ಪ ತಿರುಗಿಸಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುವುದು. ಐದಾರು ವಾರದಲ್ಲಿ ಪಾದ ನೆಟ್ಟಗಾಗುತ್ತದೆ. ಬಹುಮಟ್ಟಿಗೆ ಎಲ್ಲ ಶಿಶುಗಳಿಗೂ ಹಿಮ್ಮಡಿಯ ಹುರಿಗೆ ಸೂಜಿಯಷ್ಟು ಸಣ್ಣ ಕೊಯ್ತವೊಂದು ಬೇಕಾಗುತ್ತದೆ. ಅದರ ಮೇಲೆ ಮೂರು ವಾರ ಕೊನೆಯ ಪ್ಲಾಸ್ಟರ್. ಆಮೇಲೆ ಪಟ್ಟಿಗೆ ಜೋಡಿಸಿದ ಬೂಟು: ಮೂರು ತಿಂಗಳು ಹಗಲೂ ರಾತ್ರಿ, ಮುಂದೆ ನಾಲ್ಕೈದು ವರ್ಷದವರೆಗೆ ಮಲಗುವಾಗ.

ಈ ಬೂಟಿನ ವಿಷಯದಲ್ಲಿಯೇ ನಮ್ಮವರು ಸೋಲುತ್ತಾರೆ. ಮಗು ಅಳುತ್ತದೆ, ಅಜ್ಜಿಗೆ ಮರುಕ ಬರುತ್ತದೆ, ಪಾದ ನೆಟ್ಟಗಾಗಿದೆಯಲ್ಲ ಇನ್ನೇಕೆ ಎಂದು ಬೂಟು ಅಟ್ಟ ಸೇರುತ್ತದೆ. ವರ್ಷ ತುಂಬುವಷ್ಟರಲ್ಲಿ ಪಾದ ಮತ್ತೆ ಸೊಟ್ಟ. ತಾಯಂದಿರೇ, ಅಜ್ಜಿಯರೇ, ಇಲ್ಲಿ ಅರ್ಧ ಕೆಲಸ ವೈದ್ಯನದು, ಉಳಿದರ್ಧ ನಿಮ್ಮದು. ಪ್ಲಾಸ್ಟರ್ ಹಾಕುವ ಹೊತ್ತಿಗೆ ಮಗುವಿಗೆ ಹಾಲು ಕುಡಿಸುತ್ತ ಸುಮ್ಮನಿರಿಸುವವರೂ ನೀವೇ. ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಹುಟ್ಟಿದ ಒಂದೆರಡು ವಾರದಲ್ಲಿಯೇ ಕರೆದೊಯ್ಯಿರಿ. ಈ ಮಕ್ಕಳು ಓಡುತ್ತಾರೆ, ಕುಣಿಯುತ್ತಾರೆ. ದೊಡ್ಡವರಾದ ಮೇಲೆ ಇವರ ಕಾಲಿಗೇನಾಗಿತ್ತೆಂದು ಹುಡುಕಿದರೂ ತಿಳಿಯುವುದಿಲ್ಲ.

ಶಸ್ತ್ರವೈದ್ಯ ಒಬ್ಬನೇ ಕಾಲನ್ನು ಉಳಿಸಲಾರ. ಅವನ ಬಲಗಡೆ ಚಪ್ಪಲಿ ಹೊಲಿಯುವವನು ನಿಂತಿರಬೇಕು. ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿದರೆಂದು ಹರಳಯ್ಯನವರನ್ನೂ ಕಲ್ಯಾಣಮ್ಮನವರನ್ನೂ ನಮ್ಮ ಬೀದರ ಸೀಮೆಯವರು ಇಂದಿಗೂ ನೆನೆಯುತ್ತಾರೆ. ಪಾದಕ್ಕೆ ತಕ್ಕ ಮೆಟ್ಟು ಮಾಡುವುದು ಕೀಳು ಕೆಲಸವೆಂದು ಯಾರಾದರೂ ಎಂದರೆ ಅವರಿಗೆ ಕಲ್ಯಾಣದ ಕಥೆಯೂ ತಿಳಿಯದು, ವೈದ್ಯಶಾಸ್ತ್ರವೂ ತಿಳಿಯದು. 1968ರ ಸುಮಾರಿಗೆ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿ ಎಂಬ ಶಸ್ತ್ರವೈದ್ಯರೂ ಕೂಡಿ ರಬ್ಬರಿನ ಜಯಪುರ ಪಾದವನ್ನು ಮಾಡಿದರು. ವಿಲಾಯಿತಿಯ ಕೃತಕ ಕಾಲಿಗೆ ಬೂಟು ಬೇಕು. ಅದನ್ನು ತೊಟ್ಟವರು ಚಕ್ಕಳಮಕ್ಕಳ ಹಾಕಿ ಕೂಡುವಂತಿಲ್ಲ, ಕೆಸರುಗದ್ದೆಗೆ ಇಳಿಯುವಂತಿಲ್ಲ. ಜಯಪುರ ಪಾದ ತೊಟ್ಟವನು ಬರಿಗಾಲಿನವನಂತೆಯೇ ನಡೆಯುತ್ತಾನೆ, ಕೂಡುತ್ತಾನೆ, ಹೊಲ ಉಳುತ್ತಾನೆ. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಮ್ಮ ಜನರ ಕೂಡುವ ರೀತಿ, ಉಣ್ಣುವ ರೀತಿ, ದುಡಿಯುವ ರೀತಿ ತಿಳಿದವರು ಮಾತ್ರ ನಮಗೆ ಒಪ್ಪುವ ಕಾಲನ್ನು ಮಾಡಬಲ್ಲರೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಈ ಊರಿನ ನಿತ್ಯದ ಸಂಗತಿಗೆ ಬರೋಣ. ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮವರು ಬಹಳ ಜನ. ಸಾರುವೆಯ ಮೇಲಿಂದ ಬಿದ್ದವನು ಕಾಲಿನ ಮೇಲೆಯೇ ಬಿದ್ದೆ, ಬದುಕಿದೆ ಎಂದುಕೊಳ್ಳುತ್ತಾನೆ. ಆದರೆ ಹಿಮ್ಮಡಿಯ ಎಲುಬು ನೆಲಕ್ಕೂ ಮೈಯ ಭಾರಕ್ಕೂ ನಡುವೆ ಸಿಕ್ಕು ಪುಡಿಯಾಗಿರಬಹುದು. ಇಂಥವನು ಬಂದಾಗ ಬಲ್ಲ ವೈದ್ಯ ಎರಡನೆಯ ಹಿಮ್ಮಡಿಯನ್ನೂ ನೋಡುತ್ತಾನೆ, ಬೆನ್ನುಹುರಿಯ ಎಲುಬನ್ನೂ ನೋಡುತ್ತಾನೆ. ಏತಕ್ಕೆಂದರೆ ಆ ಪೆಟ್ಟು ಕಾಲಿನಿಂದ ಬೆನ್ನಿಗೆ ಏರುವುದುಂಟು. ಪಾದ ಊದಿರುವಾಗ ಅವಸರದಿಂದ ಕೊಯ್ದರೆ ಚರ್ಮ ಕೂಡಿಕೊಳ್ಳುವುದಿಲ್ಲ. ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಕಾಲನ್ನು ಎತ್ತರದಲ್ಲಿಟ್ಟು ಕಾಯುತ್ತಾರೆ. ವೈದ್ಯ ಸುಮ್ಮನೆ ಕೂಡಿಸಿದ್ದಾನೆಂದು ಬೇಸತ್ತು ಕಟ್ಟು ಕಟ್ಟುವವರ ಬಳಿಗೆ ಓಡಬೇಡಿರಿ. ಪುತ್ತೂರು ಕಟ್ಟಿನ ಹೆಸರಿನಲ್ಲಿ ಈ ಊರಿನ ಗಲ್ಲಿಗಲ್ಲಿಯಲ್ಲಿ ಕಟ್ಟುತ್ತಾರೆ. ಸುಲಭದ ಮುರಿತಗಳು ಕೂಡಿಕೊಳ್ಳುತ್ತವೆ, ನಾವು ಇಲ್ಲವೆನ್ನುವುದಿಲ್ಲ. ಆದರೆ ಕೀಲಿನೊಳಗೆ ಒಡೆದ ಎಲುಬು ಸರಿಯಾದ ಜಾಗಕ್ಕೆ ಕೂಡದಿದ್ದರೆ ಮುಂದೆ ಜೀವಮಾನವೆಲ್ಲ ಕುಂಟಬೇಕಾಗುತ್ತದೆ.

ಈಗ ಮುಖ್ಯ ಮಾತು. ಹಿಂದೆ ಸಿಹಿಮೂತ್ರ ರೋಗವೆನ್ನುತ್ತಿದ್ದ ಸಕ್ಕರೆ ಕಾಯಿಲೆ ಇಂದು ಈ ಸಭೆಯ ಬಹುಪಾಲು ಮನೆಗಳಲ್ಲಿ ಇದೆಯೆಂದು ನಾವು ಲೆಕ್ಕವಿಲ್ಲದೆಯೇ ಹೇಳಬಲ್ಲೆವು. ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಹಳ್ಳಿಗಿಂತ ಪಟ್ಟಣದಲ್ಲಿ ಹೆಚ್ಚು. ಈ ರೋಗಿಗಳಲ್ಲಿ ಐವರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಪಾದದ ಹುಣ್ಣು ಬರುತ್ತದೆ. ಮೂವರಲ್ಲಿ ಒಬ್ಬರಿಗೆ ಎನ್ನುವವರೂ ಇದ್ದಾರೆ. ಕುಷ್ಠವು ಮಾಡುತ್ತಿದ್ದುದನ್ನೇ ಸಕ್ಕರೆಯೂ ಮಾಡುತ್ತದೆ: ಜ್ಞಾನತಂತುಗಳನ್ನು ಮೆಲ್ಲಗೆ ಕೊಂದು ನೋವನ್ನು ಅಳಿಸುತ್ತದೆ. ಮೇಲಾಗಿ ರಕ್ತನಾಳಗಳನ್ನೂ ಕಟ್ಟುತ್ತದೆ. ನಮ್ಮ ಬೀದರ ಕಡೆಯ ಹಿರಿಯರೊಬ್ಬರು, ಹೆಸರು ಬೇಡ, ಇದೇ ಬಜಾರಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಚಪ್ಪಲಿಯ ತಳದಿಂದ ಒಂದು ಮೊಳೆ ಮೇಲೆದ್ದು ಅಂಗಾಲಿಗೆ ಚುಚ್ಚಿಕೊಂಡಿತ್ತು. ಅವರು ದಿನವಿಡೀ ಹಾಗೆಯೇ ನಡೆದಿದ್ದಾರೆ! ಸಂಜೆ ಹಾಸಿಗೆಯ ಮೇಲೆ ರಕ್ತದ ಕಲೆ ಕಂಡು ಸೊಸೆ ಕೂಗಿದ ಮೇಲೆಯೇ ಅವರಿಗೆ ತಿಳಿದದ್ದು. ನೋವಿಲ್ಲವೆಂದು ಅರಿಸಿನ ಮೆತ್ತಿ ಹದಿನೈದು ದಿನ ಕಳೆದರು. ಆಸ್ಪತ್ರೆಗೆ ಬಂದಾಗ ನಂಜು ಎಲುಬಿಗೆ ಇಳಿದಿತ್ತು. ಎರಡು ಬೆರಳು ಹೋದವು, ಪಾದ ಉಳಿಯಿತು. ಇನ್ನೊಂದು ವಾರ ತಡೆದಿದ್ದರೆ ಮೊಣಕಾಲಿನ ಕೆಳಗೆ ಏನೂ ಉಳಿಯುತ್ತಿರಲಿಲ್ಲ.

ಇಂಥ ಪಾದ ಬಂದಾಗ ಶಸ್ತ್ರವೈದ್ಯ ಮೊದಲು ಹಿಡಿಯುವುದು ಚೂರಿಯನ್ನಲ್ಲ, ನಾಡಿಯನ್ನು. ಪಾದದ ಮೇಲ್ಭಾಗದಲ್ಲಿಯೂ ಒಳಗಣ ಹರಡಿನ ಹಿಂದೆಯೂ ನಾಡಿ ಬಡಿಯುತ್ತದೆಯೋ ಇಲ್ಲವೋ ನೋಡುತ್ತಾನೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯಿತೋ ಎಂದು ಕೇಳುತ್ತಾನೆ. ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿದಾಗ ಗಟ್ಟಿಯಾಗಿ ಎಲುಬು ತಾಗಿದರೆ ನಂಜು ಎಲುಬಿಗೆ ಮುಟ್ಟಿದೆಯೆಂಬ ಸಂಶಯ ಬಲವಾಗುತ್ತದೆ. ಸುಶ್ರುತರು ಹುಳು ತಿಂದ ಮರದಲ್ಲಿ ಕಲಿಯಲು ಹೇಳಿದ್ದು ಇದೇ ಕೈಚಳಕವನ್ನು. ರಕ್ತನಾಳ ಕಟ್ಟಿದ್ದರೆ ಆ ಕೆಲಸದವರು ಬಲೂನು ಹಾಕಿಯೋ ಬದಲಿ ದಾರಿ ಹೊಲಿದೋ ರಕ್ತ ಹರಿಸುತ್ತಾರೆ. ಕೊಳೆತದ್ದನ್ನು ಮಾತ್ರ ತೆಗೆದು, ಜೀವವಿರುವುದನ್ನೆಲ್ಲ ಉಳಿಸಿ, ಭಾರ ತಾಗದಂತೆ ಪ್ಲಾಸ್ಟರ್ ಕಟ್ಟಿ, ವಾರವಾರ ಬಿಚ್ಚಿ ನೋಡಬೇಕು. ಮೊಣಕಾಲಿನ ಕೆಳಗೆ ಕಾಲು ಕತ್ತರಿಸಲು ಒಂದೆರಡು ಗಂಟೆ ಸಾಕು; ಒಂದು ಪಾದವನ್ನು ಉಳಿಸಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳ ತಾಳ್ಮೆಯನ್ನು ಕಲಿಸುವುದೇ ಈ ವಿದ್ಯೆಯ ದೊಡ್ಡ ಪಾಠ. ಕತ್ತರಿಸಲೇಬೇಕಾದ ಹೊತ್ತೂ ಬರುತ್ತದೆ. ಪ್ರಾಣ ಉಳಿಸಲು ಅದನ್ನು ತಡಮಾಡದೆ ಮಾಡುವುದೂ ಇದೇ ವಿದ್ಯೆ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. ಊರಿನಿಂದ ಬಂದ ಅಜ್ಜಿಗೆ ತೆಲುಗು ಬಾರದು, ಉರ್ದು ಅರೆಬರೆ. ನಮ್ಮಲ್ಲಿ ಕಾಲಿನ ಬೇನೆಗೆ ಎಷ್ಟು ಮಾತುಗಳಿವೆ ನೋಡಿರಿ: ಜೋಮು, ಜುಮುಜುಮು, ಉರಿ, ಸೆಳೆತ, ಹರಿತ, ಕುಟುಕು, ಮರಗಟ್ಟುವುದು, ಅರಳೆಯ ಮೇಲೆ ನಡೆದಂತಾಗುವುದು. ಒಂದೊಂದಕ್ಕೂ ವೈದ್ಯನಿಗೆ ಒಂದೊಂದು ಅರ್ಥ. ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಟ್ಟರೆ ಅದು ರಕ್ತನಾಳದ ದೂರು. ರಾತ್ರಿ ಹಾಸಿಗೆಯಲ್ಲಿ ಅಂಗಾಲು ಉರಿದರೆ ಜ್ಞಾನತಂತುವಿನದು. ಅಜ್ಜಿ ಇದನ್ನೆಲ್ಲ ಹೇಳಲಾರದೆ “ದರ್ದ್” ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ, ನೋವಿನ ಗುಳಿಗೆ ತಂದುಕೊಂಡು ಮನೆಗೆ ಬರುತ್ತಾಳೆ. 1846ರಲ್ಲಿ ಈ ಊರಿನಲ್ಲಿ ವೈದ್ಯಶಾಲೆ ತೆರೆದಾಗ ಪಾಠ ಹೇಳಿದ್ದು ಉರ್ದುವಿನಲ್ಲಿ. ದೇಶಭಾಷೆಯಲ್ಲಿ ವೈದ್ಯವಿದ್ಯೆ ನಡೆಯದೆಂಬ ಮಾತು ಈ ಊರಿನಲ್ಲಿ ನಿಲ್ಲಲಾರದು. ರೋಗಿಯ ಜತೆಗೆ ಕನ್ನಡವನ್ನೂ ಇಲ್ಲಿಯ ಭಾಷೆಯನ್ನೂ ಬಲ್ಲ ಒಬ್ಬ ತರುಣ ಹೋಗಿ ನಿಂತರೆ ಸಾಕು, ಅರ್ಧ ರೋಗ ತಿಳಿಯುತ್ತದೆ. ಈ ಸಂಘದ ತರುಣರು ವಾರಕ್ಕೆ ಒಂದು ಬೆಳಗನ್ನು ಇದಕ್ಕಾಗಿ ಕೊಡುವಿರಾ ಎಂದು ನಾವು ಬಹಿರಂಗವಾಗಿ ಕೇಳುತ್ತೇವೆ.

ನಮ್ಮ ಆಚಾರಗಳ ಬಗೆಗೂ ಎರಡು ಮಾತು. ಯಾವುದನ್ನೂ ಬಿಡಿರೆಂದು ನಾವು ಹೇಳುವುದಿಲ್ಲ, ಎಚ್ಚರವಿರಲೆಂದು ಹೇಳುತ್ತೇವೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು, ಪಂಢರಪುರಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಸಕ್ಕರೆಯಿರುವವರು ಹೊರಡುವ ಮೊದಲು ಪಾದ ತೋರಿಸಿಕೊಳ್ಳಿರಿ. ಬರಿಗಾಲಿನ ಹರಕೆಯಿದ್ದರೆ ಹಿರಿಯರನ್ನು ಕೇಳಿ ಬೇರೆ ಸೇವೆಗೆ ಬದಲಿಸಿಕೊಳ್ಳಿರಿ. ವೀರಭದ್ರನ ಜಾತ್ರೆಯ ಅಗ್ನಿಯನ್ನೂ ಅಲಾಯಿಯ ಕೆಂಡವನ್ನೂ ಮರಗಟ್ಟಿದ ಪಾದದವರು ದೂರದಿಂದಲೇ ವಂದಿಸಿರಿ. ಮಧ್ಯಾಹ್ನದ ಗುಡಿಯ ಹಾಸುಗಲ್ಲು ಕೂಡ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಅರಿವಾಗುವುದಿಲ್ಲ. ಕಾಲು ನೋವೆಂದು ಬಿಸಿನೀರಿನಲ್ಲಿ ಅದ್ದಬೇಡಿರಿ;ನೀರಿನ ಬಿಸಿಯನ್ನು ಮನೆಯ ಬೇರೆಯವರು ಮೊಣಕೈಯಿಂದ ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿರಿ, ಆಣಿಗೆ ಅಂಟಿಸುವ ಔಷಧದ ಪಟ್ಟಿಯನ್ನೂ ಹಚ್ಚಬೇಡಿರಿ. ತಾಯಂದಿರೇ, ಪಾದ ಊದುತ್ತ ಬಂದರೆ ಕಾಲುಂಗುರವನ್ನು ಬೇಗ ತೆಗೆಸಿರಿ. ಊತದಲ್ಲಿ ಸಿಕ್ಕಿದ ಉಂಗುರ ಬೆರಳಿಗೆ ಉರುಲಾಗುತ್ತದೆ. ತೆಗೆದರೆ ಅಮಂಗಲವೆಂದು ಅಂಜಿ ಬೆರಳನ್ನೇ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಬೇಕಾದರೆ ವಾಸಿಯಾದ ಮೇಲೆ ಸಡಿಲವಾದ ಉಂಗುರ ತೊಟ್ಟರಾಯಿತು.

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಹಬ್ಬಹುಣ್ಣಿಮೆಗೆ ಮಕ್ಕಳು ಹಿರಿಯರ ಕಾಲಿಗೆ ಎರಗುತ್ತಾರೆ. ಈ ಎರಡು ಪದ್ಧತಿಗಳಿಗೆ ಮೂರನೆಯದೊಂದನ್ನು ಕೂಡಿಸೋಣ. ದಿನವೂ ಮಲಗುವ ಮುನ್ನ ಸಕ್ಕರೆಯಿರುವ ಹಿರಿಯರ ಪಾದ ತೊಳೆದು, ಬೆರಳಸಂದಿಗಳನ್ನು ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲನ್ನು ಒಬ್ಬರು ನೋಡಲಿ. ಕೆಂಪು, ಬೊಬ್ಬೆ, ಬಿರುಕು, ಬಿಸಿ, ವಾಸನೆ, ಚಪ್ಪಲಿಯ ಕಚ್ಚು ಯಾವುದು ಕಂಡರೂ ಮರುದಿನವೇ ವೈದ್ಯರ ಬಳಿಗೆ ಕರೆದೊಯ್ಯಲಿ. ಹುಣ್ಣಿಲ್ಲದೆಯೇ ಪಾದ ಒಂದೇ ಕಡೆ ಊದಿ ಬಿಸಿಯಾದರೂ ತಡಮಾಡುವಂತಿಲ್ಲ. ಒಳಗೆ ಎಲುಬುಗಳು ಸದ್ದಿಲ್ಲದೆ ಕುಸಿಯುತ್ತಿರಬಹುದು. ಮೊಮ್ಮಗನಿಗೂ ಈ ಕೆಲಸ ಬರುತ್ತದೆ, ಖರ್ಚು ಒಂದು ಕಾಸೂ ಇಲ್ಲ.

ಕೊನೆಯದಾಗಿ ನಮ್ಮ ತರುಣರಿಗೂ ತರುಣಿಯರಿಗೂ ಒಂದು ಬಿನ್ನಹ. ವೈದ್ಯರಾಗಬೇಕೆನ್ನುವವರು ಹೃದಯವನ್ನೂ ಮೆದುಳನ್ನೂ ಬಯಸುತ್ತಾರೆ. ಪಾದವನ್ನು ಬಯಸುವವರು ವಿರಳ. ಅಲ್ಲಿ ವಾಸನೆಯುಂಟು, ಕೀವುಂಟು, ತಿಂಗಳುಗಟ್ಟಲೆಯ ಕಾಯುವಿಕೆಯುಂಟು, ಹೆಸರು ಕಡಿಮೆ. ಆದರೆ ಕುಂಟುತ್ತ ಬಂದ ಹಮಾಲನೊಬ್ಬ ತನ್ನ ಎರಡು ಕಾಲಿನ ಮೇಲೆ ನಡೆದು ಮರಳಿ ಬಜಾರಿಗೆ ಹೋಗುವುದನ್ನು ನೋಡುವ ಭಾಗ್ಯವೂ ಅಲ್ಲಿಯೇ ಉಂಟು. ಈ ಸಭೆಯ ಮಕ್ಕಳಲ್ಲಿ ಒಬ್ಬರಾದರೂ ಆ ದಾರಿ ಹಿಡಿಯಲಿ. ಅಲ್ಲಿಯವರೆಗೆ ನಮ್ಮ ನಮ್ಮ ಮನೆಯ ಹಿರಿಯರ ಅಂಗಾಲನ್ನು ಇಂದಿನ ರಾತ್ರಿಯಿಂದಲೇ ನಾವು ನೋಡೋಣ. ಮುಂದಿನ ರಾಜ್ಯೋತ್ಸವಕ್ಕೆ ಇಲ್ಲಿ ಸೇರಿದವರೆಲ್ಲರೂ ತಮ್ಮ ಕಾಲಿನ ಮೇಲೆಯೇ ನಡೆದು ಬರುವಂತಾಗಲೆಂದು ಹಾರೈಸುತ್ತೇವೆ.

ಸಿರಿಗನ್ನಡಂ ಗೆಲ್ಗೆ!